ಪ್ರೊಸೆಸರ್ ಪೂರ್ತಿ ತುಂಬಿಲ್ಲ, ಆದರೂ ಫ್ರೇಮ್ ಬಿಟ್ಟುಹೋಗುವುದೇಕೆ?

ಆಟಗಳ ನೇರಪ್ರಸಾರದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣ, ಉಳಿದ ಮೂರಕ್ಕೂ ಅದೇ ಬುನಾದಿ.

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿರುವುದು 8 ಕೋರ್, 16 ಥ್ರೆಡ್‌ಗಳ ಪ್ರೊಸೆಸರ್. ಒಬಿಎಸ್ ಸ್ಟುಡಿಯೋ ಎಂಬ ಪ್ರಸಾರದ ಪ್ರೋಗ್ರಾಮ್ ಮೂಲಕ 1080ಪಿ ಗಾತ್ರದಲ್ಲಿ, ಸೆಕೆಂಡಿಗೆ 60 ಫ್ರೇಮ್‌ನಂತೆ ಆಟವನ್ನು ಪ್ರಸಾರ ಮಾಡುತ್ತೇನೆ. ವಿಡಿಯೋವನ್ನು ಕುಗ್ಗಿಸುವ ಎನ್‌ಕೋಡರ್ ಎಕ್ಸ್264, ಅದರ ವೇಗ-ಗುಣಮಟ್ಟ ನಿರ್ಧರಿಸುವ ಪ್ರಿಸೆಟ್ ಮೀಡಿಯಂ, ಬಿಟ್‌ರೇಟ್ 6000 ಕೆಬಿಪಿಎಸ್. ಪರದೆಯ ಮೇಲೆ ಚಲನೆ ಹೆಚ್ಚಾದಾಗಲೆಲ್ಲ ವಿಡಿಯೋ ತಡವರಿಸುತ್ತದೆ. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇ 65 ದಾಟುವುದೇ ಇಲ್ಲ. ಉಳಿದ ಶೇ 35ನ್ನು ಎನ್‌ಕೋಡಿಂಗ್‌ಗೆ ಬಳಸಿಕೊಳ್ಳುವುದು ಹೇಗೆ?

ಉತ್ತರ: ಟಾಸ್ಕ್ ಮ್ಯಾನೇಜರ್ ತೋರಿಸುವ ಶೇ 65 ಸುಳ್ಳಲ್ಲ, ಆದರೆ ಅದು ಎಲ್ಲ ಥ್ರೆಡ್‌ಗಳನ್ನೂ (ಕೋರ್‌ಗಳಲ್ಲಿ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳನ್ನು) ಕೂಡಿಸಿ, ಒಂದೆರಡು ಸೆಕೆಂಡುಗಳ ಮೇಲೆ ಹರಡಿ ತೆಗೆದ ಸರಾಸರಿ. ನಿಮ್ಮ ಎನ್‌ಕೋಡರ್‌ಗೆ ಸೆಕೆಂಡುಗಳ ಲೆಕ್ಕವಿಲ್ಲ. ಅದರ ಮುಂದೆ ಪ್ರತಿ 16.67 ಮಿಲಿಸೆಕೆಂಡಿಗೆ ಹೊಸ ಫ್ರೇಮ್ ಬಂದು ನಿಲ್ಲುತ್ತದೆ, ಹಳೆಯವುಗಳ ಕೆಲಸ ಹಿಂದೆ ಬಿದ್ದು ಸಾಲು ಬೆಳೆದರೆ ಹೊಸದನ್ನು ಬಿಟ್ಟುಬಿಡುವುದಲ್ಲದೆ ಬೇರೆ ದಾರಿ ಇರುವುದಿಲ್ಲ. ಇನ್ನೊಂದು ಲೆಕ್ಕವನ್ನೂ ಗಮನಿಸಿ: 16 ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಉಸಿರು ಬಿಡಲೂ ಆಗದಷ್ಟು ದುಡಿಯುತ್ತಿದ್ದರೂ ಒಟ್ಟು ಬಳಕೆಯಲ್ಲಿ ಅದು ಶೇ 6.25 ಮಾತ್ರ. ಆಟದ ಮುಖ್ಯ ಥ್ರೆಡ್ ಅಥವಾ ಎನ್‌ಕೋಡರ್‌ನ ಯಾವುದೋ ಒಂದು ಹಂತ ಅಲ್ಲಿ ಸಿಕ್ಕಿಕೊಂಡಿದ್ದರೆ ಒಟ್ಟು ಅಂಕಿಯನ್ನು ನೋಡಿ ಅದು ನಿಮಗೆ ತಿಳಿಯುವುದಿಲ್ಲ. ಜೊತೆಗೆ, ಒಂದೇ ಕೋರ್‌ನ ಎರಡನೆಯ ಥ್ರೆಡ್ ಮತ್ತೊಂದು ಕೋರ್‌ಗೆ ಸಮವಲ್ಲ. ಅದು ಮೊದಲನೆಯದು ಬಿಟ್ಟ ಸಂದಿಗಳಲ್ಲಿ ಕೆಲಸ ಮಾಡುತ್ತದೆ. ಆದ್ದರಿಂದ ನೀವು ಖಾಲಿ ಎಂದುಕೊಂಡ ಶೇ 35ರಲ್ಲಿ ನಿಜವಾಗಿ ಕೈಗೆ ಸಿಗುವುದು ಬಹಳ ಕಡಿಮೆ.

ಇನ್ನು ಕೆಲಸದ ಪ್ರಮಾಣ. 1080ಪಿಯ ಒಂದು ಫ್ರೇಮ್ ಎನ್‌ಕೋಡರ್‌ಗೆ ಎನ್‌ವಿ12 ಎಂಬ, ಇನ್ನೂ ಕುಗ್ಗಿಸದ ರೂಪದಲ್ಲಿ ಸೇರುವಾಗ ಸುಮಾರು 31 ಲಕ್ಷ ಬೈಟ್ ಇರುತ್ತದೆ. ಸೆಕೆಂಡಿಗೆ 6000 ಕಿಲೋಬಿಟ್ ಎಂದರೆ ಒಂದು ಫ್ರೇಮ್‌ಗೆ ಸರಾಸರಿ 12,500 ಬೈಟ್. ಅಂದರೆ ಪ್ರತಿ ಚಿತ್ರವನ್ನೂ ಹೆಚ್ಚುಕಡಿಮೆ 250ರಲ್ಲಿ ಒಂದು ಪಾಲಿಗೆ ಇಳಿಸಬೇಕು. ಎಕ್ಸ್264 ಅನುಸರಿಸುವ ಎಚ್.264 ಎಂಬ ಕುಗ್ಗಿಸುವ ಪದ್ಧತಿಯಲ್ಲಿ ಚಿತ್ರವನ್ನು 16×16 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತಾರೆ. 1080ಪಿಯಲ್ಲಿ ಅಂಥವು 8,160 ಬರುತ್ತವೆ. ಪ್ರತಿಯೊಂದು ಚೌಕವೂ ಹಿಂದಿನ ಚಿತ್ರದಲ್ಲಿ ಎಲ್ಲಿತ್ತು ಎಂಬುದನ್ನು ಹುಡುಕುವುದೇ ಈ ಕೆಲಸದ ದುಬಾರಿ ಭಾಗ. ಆಟದಲ್ಲಿ ನೀವು ಸುಮ್ಮನೆ ನಿಂತಿರುವಾಗ ಹುಡುಕಾಟ ಬೇಗ ಮುಗಿಯುತ್ತದೆ. ಹುಲ್ಲುಗಾವಲಿನಲ್ಲಿ ಓಡುತ್ತ ಸರಕ್ಕನೆ ಹಿಂದೆ ತಿರುಗಿದಿರಿ ಎನ್ನಿ, ಆಗ ಒಂದು ಚೌಕವೂ ಹಳೆಯ ಜಾಗದಲ್ಲಿರುವುದಿಲ್ಲ, ಅದೇ ಗಳಿಗೆಯಲ್ಲಿ ಆಟವೂ ಹೊಸ ದೃಶ್ಯ ಕಟ್ಟಲು ಪ್ರೊಸೆಸರ್ ಕೇಳುತ್ತದೆ. ತಡವರಿಕೆ ಗದ್ದಲದ ನಡುವೆಯೇ ಕಾಣಿಸಿಕೊಳ್ಳುವುದು ಇದರಿಂದ.

ಏನನ್ನಾದರೂ ಬದಲಿಸುವ ಮೊದಲು ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿಯನ್ನು ತೆರೆದಿಟ್ಟುಕೊಂಡು ಹತ್ತು ನಿಮಿಷ ಆಡಿ. ಅಲ್ಲಿ ಫ್ರೇಮ್ ನಷ್ಟದ ಮೂರು ಲೆಕ್ಕಗಳು ಬೇರೆ ಬೇರೆಯಾಗಿರುತ್ತವೆ. ರೆಂಡರಿಂಗ್ ಲ್ಯಾಗ್‌ನ (ಚಿತ್ರ ಜೋಡಿಸುವುದರಲ್ಲಿನ ವಿಳಂಬದ) ಸಂಖ್ಯೆ ಏರುತ್ತಿದ್ದರೆ ದೋಷ ಗ್ರಾಫಿಕ್ಸ್ ಕಾರ್ಡ್‌ನ ಕಡೆಗಿದೆ, ನೆಟ್‌ವರ್ಕ್‌ನ ಸಂಖ್ಯೆ ಏರುತ್ತಿದ್ದರೆ ಇಂಟರ್ನೆಟ್ ಸಂಪರ್ಕದ ಕಡೆಗೆ. ಎನ್‌ಕೋಡಿಂಗ್ ಲ್ಯಾಗ್‌ನಿಂದ (ಕುಗ್ಗಿಸುವುದರಲ್ಲಿನ ವಿಳಂಬದಿಂದ) ಬಿಟ್ಟುಹೋದ ಫ್ರೇಮ್‌ಗಳು ಹೆಚ್ಚುತ್ತಿದ್ದರೆ ಮಾತ್ರ ಈ ಉತ್ತರದ ಮುಂದಿನ ಭಾಗ ನಿಮಗೆ ಸಂಬಂಧಿಸಿದ್ದು. ಈ ಮೂರನ್ನೂ ಒಂದೇ ರೋಗವೆಂದು ತಿಳಿದು ಬಿಟ್‌ರೇಟ್ ಇಳಿಸುವವರು, ಪ್ರೊಸೆಸರ್ ಬದಲಿಸುವವರು ತುಂಬ ಜನ.

ನಿಮ್ಮ ವಿವರಣೆಯಿಂದ ಇದು ಎನ್‌ಕೋಡಿಂಗ್ ಲ್ಯಾಗ್ ಎಂದೇ ಊಹಿಸುತ್ತೇನೆ. ಮೊದಲ ಮದ್ದು ಆಟದ ಕಡೆಯಿಂದಲೇ ಸಿಗುತ್ತದೆ. ಆಟದ ಫ್ರೇಮ್ ದರಕ್ಕೆ ಮಿತಿ ಹಾಕದಿದ್ದರೆ ಅದು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಕಟ್ಟುತ್ತ ಪ್ರೊಸೆಸರನ್ನು ತಿನ್ನುತ್ತಿರಬಹುದು, ಅವುಗಳಲ್ಲಿ ನೋಡುಗರಿಗೆ ತಲುಪುವುದು 60 ಮಾತ್ರ. 120ಕ್ಕೆ ಮಿತಿ ಹಾಕಿ ನೋಡಿ. 60ರ ಗುಣಕವಾದ್ದರಿಂದ ಪ್ರಸಾರದ ಚಲನೆಯೂ ನುಣುಪಾಗಿರುತ್ತದೆ. ಎರಡನೆಯದು ಪ್ರಿಸೆಟ್. ಮೀಡಿಯಂನಲ್ಲಿ ಎಕ್ಸ್264 ಮೂರು ಹಳೆಯ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಹುಡುಕುತ್ತದೆ, 40 ಫ್ರೇಮ್ ಮುಂದಕ್ಕೆ ಇಣುಕುತ್ತದೆ. ಫಾಸ್ಟ್‌ನಲ್ಲಿ ಎರಡು ಮತ್ತು 30. ಫಾಸ್ಟರ್‌ನಲ್ಲಿ ಎರಡು ಮತ್ತು 20. ವೆರಿಫಾಸ್ಟ್‌ನಲ್ಲಿ ಒಂದು ಮತ್ತು 10. ನನ್ನ ಅಭಿಪ್ರಾಯದಲ್ಲಿ, ಆಟವೂ ಎನ್‌ಕೋಡರ್ರೂ ಒಂದೇ ಯಂತ್ರದಲ್ಲಿ ನಡೆಯುವಾಗ ಎಂಟು ಕೋರ್‌ಗಳಿಗೆ ಮೀಡಿಯಂ ಹೊರಿಸುವುದು ದುರಾಸೆ. ಫಾಸ್ಟರ್‌ನಿಂದ ಆರಂಭಿಸಿ, ಇಡೀ ಅರ್ಧ ಗಂಟೆ ಒಂದು ಫ್ರೇಮ್ ಕೂಡ ಬಿಟ್ಟುಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಏರಿ. ಸ್ವಲ್ಪ ಮಬ್ಬಾದ ಹುಲ್ಲನ್ನು ನೋಡುಗರು ಕ್ಷಮಿಸುತ್ತಾರೆ, ಮುಗ್ಗರಿಸುವ ವಿಡಿಯೋವನ್ನು ಕ್ಷಮಿಸುವುದಿಲ್ಲ. ಅದೂ ಸಾಲದಿದ್ದರೆ 720ಪಿಗೆ ಇಳಿಯಿರಿ: ಪಿಕ್ಸೆಲ್‌ಗಳು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತವೆ, ಅದೇ 6000 ಕೆಬಿಪಿಎಸ್‌ನಲ್ಲಿ ಪ್ರತಿ ಪಿಕ್ಸೆಲ್‌ಗೆ ಸಿಗುವ ಪಾಲು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ವೇಗದ ಆಟಗಳಲ್ಲಿ ಚಿತ್ರ ಮೊದಲಿಗಿಂತ ಚೆನ್ನಾಗಿಯೇ ಕಾಣಬಹುದು.

ಪ್ರಶ್ನೆ: ಎಕ್ಸ್264ರ ಹೆಚ್ಚುವರಿ ಆಯ್ಕೆಗಳಲ್ಲಿ ಥ್ರೆಡ್‌ಗಳ ಸಂಖ್ಯೆಯನ್ನು 48ಕ್ಕೆ ಏರಿಸಿ, ಟ್ಯೂನ್ ಎಂಬ ಆಯ್ಕೆಯನ್ನು ಝೀರೋಲೇಟೆನ್ಸಿ ಎಂದು ಇಡಲು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಿದ ಮೇಲೆ ಚಿತ್ರದ ಗುಣಮಟ್ಟವೇ ಕೆಟ್ಟಿತು. ಏಕೆ?

ಉತ್ತರ: ಎಕ್ಸ್264 ತಾನಾಗಿಯೇ ಪ್ರೊಸೆಸರ್ ಥ್ರೆಡ್‌ಗಳ ಒಂದೂವರೆ ಪಟ್ಟು ಥ್ರೆಡ್‌ಗಳನ್ನು ಹುಟ್ಟಿಸಿಕೊಳ್ಳುತ್ತದೆ, 16 ಇದ್ದರೆ 24. ಸಾಮಾನ್ಯ ಕ್ರಮದಲ್ಲಿ ಪ್ರತಿ ಥ್ರೆಡ್‌ಗೂ ಒಂದೊಂದು ಫ್ರೇಮ್ ಸಿಗುತ್ತದೆ. ಮೊದಲನೆಯ ಫ್ರೇಮ್ ಪೂರ್ತಿ ಮುಗಿಯುವವರೆಗೆ ಎರಡನೆಯದು ಕಾಯಬೇಕಿಲ್ಲ, ಆ 16×16 ಚೌಕಗಳ ಮೇಲಿನ ಸಾಲುಗಳು ಸಿದ್ಧವಾದರೆ ಸಾಕು, ಅವುಗಳ ಬೆನ್ನಿಗೇ ಹೊರಡುತ್ತದೆ. ಗದ್ದೆಯಲ್ಲಿ ಒಂದರ ಹಿಂದೆ ಒಂದು ನೇಗಿಲು ಸಾಗಿದಂತೆ ಇದು. ಮುಂದಿನ ನೇಗಿಲನ್ನು ಹಿಂದಿನದು ಹಾಯಲಾರದು. 1080ಪಿಯಲ್ಲಿ ಇಂಥ ಸಾಲುಗಳು 68 ಮಾತ್ರ. ಥ್ರೆಡ್‌ಗಳನ್ನು ಹೆಚ್ಚಿಸಿದಷ್ಟೂ ಅವು ಒಂದಕ್ಕೊಂದು ತೀರ ಹತ್ತಿರ ನಿಂತು, ಕೆಳಗಿನ ಸಾಲುಗಳಲ್ಲಿ ಹುಡುಕುವ ಅವಕಾಶ ಕಿರಿದಾಗುತ್ತದೆ, ಬಿಟ್‌ರೇಟ್‌ನ ಅಂದಾಜೂ ತಪ್ಪತೊಡಗುತ್ತದೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ತೋರಿಸಿದ ಲೆಕ್ಕವೂ ಇಲ್ಲಿ ನೆನಪಾಗುತ್ತದೆ: ಕೆಲಸದ ಹತ್ತನೇ ಒಂದು ಭಾಗವನ್ನು ಹಂಚಲಾಗದಿದ್ದರೆ, 16 ಕೋರ್‌ಗಳಿಂದ ಸಿಗುವ ವೇಗ 6.4 ಪಟ್ಟು, ಕೋರ್‌ಗಳು ಎಷ್ಟೇ ಇದ್ದರೂ 10 ಪಟ್ಟಿನ ಗಡಿ ದಾಟದು.

ಝೀರೋಲೇಟೆನ್ಸಿ ವಿಡಿಯೋ ಕರೆಯಂಥ ಎದುರುಬದುರು ಮಾತುಕತೆಗೆ ಮಾಡಿದ್ದು. ಅದು ಮುಂದಕ್ಕೆ ಇಣುಕುವುದನ್ನೂ ಹಿಂದಿನ, ಮುಂದಿನ ಚಿತ್ರಗಳೆರಡನ್ನೂ ಆಧರಿಸುವ ಬಿ-ಫ್ರೇಮ್‌ಗಳನ್ನೂ ಕೈಬಿಡುತ್ತದೆ, ಒಂದೇ ಚಿತ್ರವನ್ನು ಅಡ್ಡಪಟ್ಟಿಗಳಾಗಿ ಕತ್ತರಿಸಿ ಥ್ರೆಡ್‌ಗಳಿಗೆ ಹಂಚುತ್ತದೆ. ಒಂದು ಪಟ್ಟಿ ಅದೇ ಚಿತ್ರದ ಪಕ್ಕದ ಪಟ್ಟಿಯಿಂದ ಏನನ್ನೂ ಊಹಿಸುವಂತಿಲ್ಲವಾದ್ದರಿಂದ ಬಿಟ್‌ಗಳು ಪೋಲಾಗುತ್ತವೆ. ಇದರಿಂದ ಉಳಿಯುವುದು ಅರ್ಧ ಸೆಕೆಂಡಿನ ಆಸುಪಾಸು. ನಿಮ್ಮ ನೋಡುಗರು ಹೇಗೂ ಹಲವು ಸೆಕೆಂಡು ಹಿಂದಿರುವಾಗ ಅದಕ್ಕಾಗಿ ಚಿತ್ರವನ್ನು ಬಲಿ ಕೊಡುವುದರಲ್ಲಿ ಅರ್ಥವಿಲ್ಲ. ಎರಡೂ ಆಯ್ಕೆಗಳನ್ನು ಅಳಿಸಿ.

ಪ್ರಶ್ನೆ: ಹೊಸ ಪ್ರೊಸೆಸರ್‌ನಲ್ಲಿ ದೊಡ್ಡ ಕೋರ್ ಎಂಟು, ಚಿಕ್ಕ ಕೋರ್ ಎಂಟು ಇವೆ. ಒಬಿಎಸ್ ಕಿಟಕಿ ಮುಂದಿರುವಾಗ ಎಲ್ಲವೂ ಸರಿ. ಅದನ್ನು ಮಿನಿಮೈಸ್ ಮಾಡಿ ಆಟಕ್ಕೆ ಹೋದ ಕೂಡಲೇ ಎನ್‌ಕೋಡಿಂಗ್ ಲ್ಯಾಗ್ ಶುರುವಾಗುತ್ತದೆ.

ಉತ್ತರ: ನಿಮ್ಮ ಮಾತಿನಲ್ಲೇ ಉತ್ತರವಿದೆ. ಇಂಟೆಲ್ 2021ರಲ್ಲಿ 12ನೆಯ ತಲೆಮಾರಿನೊಂದಿಗೆ ಡೆಸ್ಕ್‌ಟಾಪ್‌ಗೆ ತಂದ ಈ ಮಿಶ್ರ ವಿನ್ಯಾಸದಲ್ಲಿ ಕಣ್ಣಿಗೆ ಕಾಣದ ಪ್ರೋಗ್ರಾಮ್‌ಗಳನ್ನು ವಿಂಡೋಸ್ ನಿಧಾನವಾದ ಚಿಕ್ಕ ಕೋರ್‌ಗಳಿಗೆ ತಳ್ಳುವುದುಂಟು. ಒಬಿಎಸ್ ಕಿಟಕಿಯನ್ನು ಮಿನಿಮೈಸ್ ಮಾಡದೆ ಎರಡನೆಯ ಪರದೆಯಲ್ಲಿ ತೆರೆದಿಡಿ. ಪವರ್ ಮೋಡ್ ಅನ್ನು ಗರಿಷ್ಠ ಕಾರ್ಯಕ್ಷಮತೆಗೆ ಬದಲಿಸಿ. ಒಬಿಎಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸ್ ಪ್ರಯಾರಿಟಿಯನ್ನು ಅಬೌವ್ ನಾರ್ಮಲ್‌ಗೆ ಏರಿಸಿ; ಅದಕ್ಕಿಂತ ಮೇಲೆ ಬೇಡ, ಆಟವೇ ಮುಗ್ಗರಿಸೀತು. ಟಾಸ್ಕ್ ಮ್ಯಾನೇಜರ್‌ನ ಅಫಿನಿಟಿಯಿಂದ ಕೋರ್‌ಗಳನ್ನು ಕೈಯಾರೆ ಹಂಚುವುದು ಕೊನೆಯ ಅಸ್ತ್ರ, ಪ್ರೋಗ್ರಾಮ್ ಮುಚ್ಚಿ ತೆರೆದಾಗ ಆ ಹಂಚಿಕೆ ಅಳಿಸಿಹೋಗಿರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಬದಲು ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ ಬಳಸಿದರೆ ಆಗದೇ?

ಉತ್ತರ: ಆಗುತ್ತದೆ, ಹೆಚ್ಚಿನವರಿಗೆ ಅದೇ ಸರಿಯಾದ ದಾರಿ. ಇಂಟೆಲ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಭಾಗದ ಎನ್‌ಕೋಡರ್ ಕ್ವಿಕ್ ಸಿಂಕ್ 2011ರಿಂದ, ಎನ್‌ವಿಡಿಯಾ ಕಾರ್ಡ್‌ಗಳ ಎನ್‌ಕೋಡರ್ ಎನ್‌ವಿಎನ್‌ಕ್ 2012ರಿಂದ ಇವೆ. ಎನ್‌ಕೋಡಿಂಗ್‌ಗೆಂದೇ ಮೀಸಲಾದ ಸರ್ಕ್ಯೂಟ್ ಆದ್ದರಿಂದ ಪ್ರೊಸೆಸರ್ ಕೋರ್‌ಗಳಿಗೆ ಹೊರೆಯೇ ಬೀಳುವುದಿಲ್ಲ ಎನ್ನಬಹುದು. ಮೊದಲ ವರ್ಷಗಳಲ್ಲಿ ಕಡಿಮೆ ಬಿಟ್‌ರೇಟ್‌ನಲ್ಲಿ ಚಿತ್ರ ಒರಟಾಗಿ ಬರುತ್ತಿತ್ತು, 2018ರಲ್ಲಿ ಬಂದ ಎನ್‌ವಿಡಿಯಾದ ಟ್ಯೂರಿಂಗ್ ತಲೆಮಾರಿನ ಕಾರ್ಡ್‌ಗಳ ನಂತರ ಆ ದೂರು ಬಹುಮಟ್ಟಿಗೆ ಹೋಯಿತು. ಆದರೆ ಫ್ರೇಮ್‌ಗಳನ್ನು ಜೋಡಿಸುವ ಒಬಿಎಸ್‌ನ ಕೆಲಸ ಆಟದ ಜೊತೆ ಅದೇ ಗ್ರಾಫಿಕ್ಸ್ ಕಾರ್ಡ್‌ನ ಮೇಲೆ ನಡೆಯುತ್ತದೆ. ಆಟ ಕಾರ್ಡನ್ನು ಶೇ 99ರವರೆಗೆ ಹಿಂಡುತ್ತಿದ್ದರೆ ಎನ್‌ಕೋಡಿಂಗ್ ಲ್ಯಾಗ್ ಹೋಗಿ ರೆಂಡರಿಂಗ್ ಲ್ಯಾಗ್ ಬರುತ್ತದೆ. ಆದ್ದರಿಂದ ಫ್ರೇಮ್ ದರದ ಮಿತಿ ಇಲ್ಲೂ ಬೇಕು.