ಸೈನ್ಯದ ನಾಯಕತ್ವದಿಂದ ಆಫೀಸಿನ ಮ್ಯಾನೇಜರ್ ಕಲಿಯಬಹುದಾದದ್ದು ಏನು?

ಗದರಿಸಿ ಕೆಲಸ ತೆಗೆಯುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದಲ್ಲ.

1948ರ ನವೆಂಬರ್ 1ರಂದು, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿಲಾ ಕಣಿವೆಯಲ್ಲಿ ಏನಾಯ್ತು ನೋಡಿ. ಸುಮಾರು 11,500 ಅಡಿ ಎತ್ತರ, ಮೈ ಕೊರೆಯುವ ಚಳಿ. ಅಷ್ಟು ಮೇಲೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಮುಂದಿನ ಟ್ಯಾಂಕಿನಲ್ಲಿ ಕೂತಿದ್ದವರು ಖುದ್ದು ಮೇಜರ್ ಜನರಲ್ ತಿಮ್ಮಯ್ಯ, ನಮ್ಮ ಕೊಡಗಿನವರು. ಆದರೆ ಆ ಧೈರ್ಯಕ್ಕಿಂತ ನನಗೆ ಹಿಡಿಸುವುದು ಅದಕ್ಕೂ ಮುಂಚಿನ ಕೆಲಸ. ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ (ಹೆಸರು ಮದ್ರಾಸ್, ನೆಲೆ ಬೆಂಗಳೂರು) ಹೇಸರಗತ್ತೆಯ ಹಾದಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದ್ದರು. ದಾರಿ ಮಾಡಿಕೊಟ್ಟು ಆಮೇಲೆ ತಾನೇ 'ನಡೀರಿ' ಅನ್ನಬೇಕು, ಅಲ್ವಾ?

ನಮ್ಮ ಗೋದಾಮಿನಲ್ಲಿ ಮಾರ್ಚ್ ಕೊನೆಗೆ ಸ್ಟಾಕ್ ಎಣಿಸುವಾಗ ಹಳೆಯ ಮ್ಯಾನೇಜರ್ ಒಬ್ಬರು ಇದನ್ನೇ ಮಾಡುತ್ತಿದ್ದರು. ಹಿಂದಿನ ದಿನವೇ ಏಣಿ, ಟಾರ್ಚ್, ಚೀಟಿ, ಪೆನ್ನು ಎಲ್ಲಾ ರೆಡಿ. ಯಾರಿಗೆ ಯಾವ ಸಾಲು, ಯಾಕೆ ಅಂತ ಬಿಡಿಸಿ ಹೇಳುತ್ತಿದ್ದರು. ಧೂಳು ಹಿಡಿದ ಮೇಲಿನ ಅಟ್ಟ ಮಾತ್ರ ತಮಗೇ. ರಾತ್ರಿ ಚಿತ್ರಾನ್ನ ಬಂದರೆ ಹಮಾಲರಿಗೆ ಮೊದಲು. ಪಾತ್ರೆಯಲ್ಲಿ ಉಳಿದದ್ದು ತಮಗೆ.