ಪದಕ ನೋಡಿ ತಾರೀಕು ಬರೆಯಿರಿ

ನಮಸ್ಕಾರ.

ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿನ ಹೈಫಾ ಪಟ್ಟಣ ಗೆದ್ದ ಸವಾರರ ಬಗೆಗಿನ ನಿಮ್ಮ ಲೇಖನ ‘ಹೈಫಾದ ಮಾರನೆಯ ದಿನ’ ಓದಿದೆವು. ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಫೋಟೊ ಕಾರ್ಡಿನಲ್ಲಿ ಮೂರು ಪದಕ ತೊಟ್ಟು ನಿಂತವನು ಮೈಸೂರು ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್‌ ಸವಾರ, ಚಿತ್ರ ತೆಗೆದದ್ದು 1918ರ ಸೆಪ್ಟೆಂಬರ್ 24ರಂದು ಎನ್ನುತ್ತೀರಿ. ಬರವಣಿಗೆ ಚೆನ್ನಾಗಿದೆ, ವಾದ ನಿಲ್ಲುವುದಿಲ್ಲ. ಹೀಗೇ ಪ್ರಕಟಿಸಲಾಗದು.

ತೊಡಕು ಆ ಪದಕಗಳಲ್ಲೇ ಇದೆ. ಆ ಮೂರರಲ್ಲಿ ಬ್ರಿಟಿಷ್ ವಾರ್ ಮೆಡಲ್, ವಿಕ್ಟರಿ ಮೆಡಲ್ ಎರಡೂ ಸ್ಥಾಪನೆಯಾದದ್ದು 1919ರಲ್ಲಿ. ಸೈನಿಕರ ಕೈಸೇರಿದ್ದು ಇನ್ನೂ ತಡವಾಗಿ. ಹೈಫಾ ಗೆದ್ದ ಸೆಪ್ಟೆಂಬರ್ 23ರಂದಾಗಲಿ ಮಾರನೆಯ ದಿನವಾಗಲಿ ಅವು ಯಾರ ಎದೆಯ ಮೇಲೂ ಇರಲಿಲ್ಲ. ಮೂರನೆಯದಾದ ನಕ್ಷತ್ರದಾಕಾರದ ಪದಕವನ್ನು ‘1914ರ ಸ್ಟಾರ್’ ಎಂದಿದ್ದೀರಿ. ಅದು 1914ರ ಆಗಸ್ಟ್ 5ರಿಂದ ನವೆಂಬರ್ 22ರೊಳಗೆ ಫ್ರಾನ್ಸ್, ಬೆಲ್ಜಿಯಂಗಳಲ್ಲಿ ದುಡಿದವರಿಗೆ ಮಾತ್ರ. ಮೈಸೂರಿನ ಸವಾರರು ಹೋದದ್ದು ಈಜಿಪ್ಟಿಗೆ. ಅವರದಾದರೆ ಅದು 1914-15ರ ಸ್ಟಾರ್, ಸ್ಥಾಪನೆ 1918ರ ಡಿಸೆಂಬರ್. ಎರಡಕ್ಕೂ ರಿಬ್ಬನ್ ಒಂದೇ, ಹಾಗಾಗಿ ನಕ್ಷತ್ರದ ನಡುವೆ ಇರುವ ಬರಹವನ್ನೇ ಓದಬೇಕು. ನೀವು ಕಳಿಸಿದ ಮೊಬೈಲ್ ಚಿತ್ರದಲ್ಲಿ ಅದು ಬರೀ ಮಸುಕು. ಮೂಲ ಕಾರ್ಡನ್ನು 1200 ಡಿಪಿಐಗೆ ಸ್ಕ್ಯಾನ್ ಮಾಡಿಸಿ.

ರಿಬ್ಬನ್ನಿನ ‘ಕಪ್ಪು ಪಟ್ಟಿ ಶೋಕದ ಗುರುತು’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ವಿಕ್ಟರಿ ಮೆಡಲಿನ ರಿಬ್ಬನ್ ಕಾಮನಬಿಲ್ಲಿನದು, ನಡುವಿನ ಬಣ್ಣ ಕೆಂಪು. ಅಂದಿನ ಸಾಮಾನ್ಯ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಅದಕ್ಕೇ ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಿಕೊಂಡೂ ಮೂಡುತ್ತದೆ. ಕೈಯಿಂದ ಬಣ್ಣ ಹಚ್ಚಿದ ಕಾರ್ಡನ್ನಂತೂ ನಂಬಲೇಬೇಡಿ, ಹಚ್ಚಿದವರು ಆ ಸಮವಸ್ತ್ರವನ್ನು ಕಂಡಿರಬೇಕೆಂದೇನಿಲ್ಲ.

ಎರಡನೆಯ ಕಾರ್ಡಿನಲ್ಲಿ ಪದಕಗಳು ಬಲ ಎದೆಯ ಮೇಲಿವೆ, ಆದ್ದರಿಂದ ‘ಸತ್ತ ತಂದೆಯ ಪದಕ ತೊಟ್ಟ ಮಗ’ ಎಂದಿದ್ದೀರಿ. ಮಡಿದವರ ಪದಕವನ್ನು ಮನೆಯವರು ಬಲಗಡೆ ತೊಡುವುದುಂಟು, ನಿಜ. ಆದರೆ ಮೊದಲು ಕೋಟಿನ ಗುಂಡಿ ನೋಡಿ: ಗಂಡಸರ ಕೋಟಿನಲ್ಲಿ ಎಡ ಮಗ್ಗುಲು ಬಲದ ಮೇಲೆ ಬರುತ್ತದೆ. ನಿಮ್ಮ ಚಿತ್ರದಲ್ಲಿ ಅದೂ ತಿರುಗುಮುರುಗು. ಅಂದರೆ ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದಾರೆ, ಅಷ್ಟೆ. ಭುಜದ ಹಿತ್ತಾಳೆ ಅಕ್ಷರಗಳನ್ನು ಕನ್ನಡಿ ಹಿಡಿದು ಓದಿ, ಖಾತ್ರಿಯಾಗುತ್ತದೆ.

ಮೂರನೆಯ ಕಾರ್ಡಿನ ಬ್ರಿಟಿಷ್ ಸೈನಿಕನ ಬಲ ಮುಂಗೈಯಲ್ಲಿ ಮೇಲ್ಮುಖವಾಗಿರುವ ಸಣ್ಣ ಪಟ್ಟಿಗಳು ಹುದ್ದೆಯವಲ್ಲ, ಹೊರದೇಶದಲ್ಲಿ ಕಳೆದ ಸೇವೆಯ ಲೆಕ್ಕ. ಬಳಕೆಗೆ ಬಂದದ್ದು 1918ರ ಸುಮಾರಿಗೆ. ಹುದ್ದೆಯ ಪಟ್ಟಿ ಮೊಣಕೈ ಮೇಲೆ, ಚೂಪು ಕೆಳಗೆ.

ಇನ್ನು ಮೊದಲ ಕಾರ್ಡಿನವನು ಮೈಸೂರಿನವನೇ ಎಂಬುದಕ್ಕೆ ಆಧಾರ? ಪೇಟ, ಈಟಿ ಸಾಲವು. ಬೆಂಗಳೂರಿನಲ್ಲಿ ಸಿಕ್ಕಿತು ಎಂಬುದೂ ಸಾಲದು. ಇಲ್ಲಿನ ದಂಡು ಪ್ರದೇಶದಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ ಇದ್ದರು, ಪಯೋನಿಯರ್‌ಗಳಿದ್ದರು, ಬ್ರಿಟಿಷ್ ಪಡೆಗಳಿದ್ದವು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಬಿಲ್ಲೆ, ಗುಂಡಿಗಳ ಮೇಲೆ ಮೈಸೂರಿನ ಲಾಂಛನವಾದ ಗಂಡಭೇರುಂಡ ಹುಡುಕಿ. ಚುಕ್ಕೆಚುಕ್ಕೆ ಕಂಡರೆ ಅದು ಅಚ್ಚಿನ ಕಾರ್ಡು, ಎಷ್ಟು ಹಿಗ್ಗಿಸಿದರೂ ಹೆಚ್ಚಿನ ವಿವರ ಸಿಗದು.

ತಿದ್ದಿದ ಪ್ರತಿಯ ಜೊತೆ ಮೂರೂ ಕಾರ್ಡುಗಳ ಹಿಂಬದಿಯ ಸ್ಕ್ಯಾನ್ ಇರಲಿ. ಆಲ್ಬಮ್ಮಿಗೆ ಅಂಟಿಸಿರುವುದನ್ನು ಕೀಳಲು ಹೋಗಬೇಡಿ, ಅದೊಂದರ ಮುಂಬದಿ ಸಾಕು.

ಸಂಪಾದಕರು