ಹಾರರ್ ಟ್ರೈಲರ್‌ಗೆ ಹಳೇ ಸೂತ್ರಗಳೇ ಇರಲಿ

ಹಾರರ್ ಟ್ರೈಲರ್‌ಗಳೆಲ್ಲ ಒಂದೇ ಥರ ಕಾಣುತ್ತವೆ, ಆ ಸವಕಲು ಸೂತ್ರಗಳನ್ನು ಬಿಟ್ಟು ನಮ್ಮ ಚಿಕ್ಕ ಸಿನಿಮಾಗೆ ಹೊಸದೇನು ಮಾಡಬಹುದು ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಬಿಟ್ಟು ನೋಡಿದ್ದೇನೆ.

ತೀರ್ಥಹಳ್ಳಿ ಕಡೆಯ ತೊಟ್ಟಿಮನೆಯೊಂದರಲ್ಲಿ ತೆಗೆದ ಚಿತ್ರಕ್ಕೆ ನಾನು ಎಡಿಟರ್. ಟ್ರೈಲರ್ ಕೂಡ ನನ್ನ ಪಾಲಿಗೇ ಬಂತು. ಹೊಸ ಮನೆಗೆ ನಗುನಗುತ್ತಾ ಬರುವ ಸಂಸಾರ, ಮಗು ಗೋಡೆ ಮೇಲೆ ಬರೆದ ಚಿತ್ರ, 'ನೈಜ ಘಟನೆ ಆಧಾರಿತ', ನಿಧಾನಕ್ಕೆ ಎಳೆದ ಜೋಗುಳ, ಶಾಟ್‌ಗಳ ನಡುವೆ ಕಪ್ಪು ಪರದೆ, ಟೈಟಲ್ ಬಂದು ಮುಗಿಯಿತು ಅನ್ನುವಾಗ ಕೊನೆಗೊಂದು ಧಡಾರ್. ಇವೆಲ್ಲ ನೋಡಿ ನೋಡಿ ನನಗೂ ನಿಮ್ಮ ಹಾಗೇ ರೋಸಿಹೋಗಿತ್ತು. 1980ರ 'ದಿ ಶೈನಿಂಗ್' ಟ್ರೈಲರ್ ತಲೆಯಲ್ಲಿ ಕೂತಿತ್ತು: ಒಂದೇ ಶಾಟ್, ಮುಚ್ಚಿದ ಲಿಫ್ಟ್ ಬಾಗಿಲು, ಮೇಲೇರುವ ಹೆಸರುಗಳು, ಆಮೇಲೆ ನುಗ್ಗಿಬರುವ ರಕ್ತ. ಅದೇ ಧೈರ್ಯದಲ್ಲಿ ನಮ್ಮ ಬಾವಿಕಟ್ಟೆಯ ದೃಶ್ಯವನ್ನು ಕತ್ತರಿಯಾಡಿಸದೆ ಇಡಿಯಾಗಿ ಟ್ರೈಲರ್ ಮಾಡಿಬಿಟ್ಟೆ.

ನಡುರಾತ್ರಿ ಸೊಸೆ ಕೊಡ ಇಳಿಸುತ್ತಾಳೆ. ರಾಟೆ ಕಿರುಗುಟ್ಟುತ್ತದೆ. ಸದ್ದು ನಿಲ್ಲುತ್ತದೆ. ಹಗ್ಗ ಬಿಗಿಯುತ್ತದೆ. ಕೈ.

ಆನ್‌ಲೈನ್‌ನಲ್ಲಿ ಎಲ್ಲರೂ ಹೊಗಳಿದರು. ಆದರೆ ಆ ದೃಶ್ಯ ಇದ್ದದ್ದು ಇಂಟರ್ವಲ್‌ಗೆ. ಮೊದಲ ದಿನ ಥಿಯೇಟರ್‌ನಲ್ಲಿ ರಾಟೆ ಕಿರುಗುಟ್ಟಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು "ಈಗ ಕೈ ಬರುತ್ತೆ ನೋಡು" ಅಂದರು. ಹಾಲ್ ಪೂರ್ತಿ ನಕ್ಕಿತು. ದ್ವಿತೀಯಾರ್ಧದಲ್ಲಿ ಯಾರೂ ಹೆದರಲಿಲ್ಲ, ಮುಂದಿನ ವಾರ ಚಿತ್ರ ಎಲ್ಲೂ ಇರಲಿಲ್ಲ.

ಕೈ ತೋರಿಸಿದ್ದೇ ತಪ್ಪು ಅಂತ ಬಹಳ ದಿನ ನಂಬಿದ್ದೆ. ಅದಲ್ಲ. ಕೈ ಬರುತ್ತದೆ ಅಂತ ಪೋಸ್ಟರ್ ನೋಡಿದವರಿಗೂ ಗೊತ್ತು. ಭಯ ಇದ್ದದ್ದು ರಾಟೆ ನಿಂತ ಮೇಲೆ ಹಗ್ಗ ಬಿಗಿಯುವವರೆಗಿನ ಆ ಮೌನದಲ್ಲಿ, ಅದು ಎಷ್ಟು ಹೊತ್ತು ಅಂತ ತಿಳಿಯದಿರುವುದರಲ್ಲಿ. ನಾನು ಆ ಅಳತೆಯನ್ನೇ ಕೊಟ್ಟುಬಿಟ್ಟಿದ್ದೆ, ಅದೇ ಸದ್ದು, ಅದೇ ಲಯ. ಕಣ್ಣು ಮರೆತರೂ ಕಿವಿ ಮರೆಯಲಿಲ್ಲ. ಕೈಯನ್ನು ತೆಗೆದು ಮೌನವನ್ನು ಮಾತ್ರ ಉಳಿಸಿದ್ದರೂ ಇದೇ ಗತಿಯಾಗುತ್ತಿತ್ತು. ಲಿಫ್ಟ್ ಶಾಟ್‌ನಲ್ಲಿ ಕಥೆಯ ಎಳೆಯೊಂದೂ ಇಲ್ಲ, ಯಾರ ಪ್ರಾಣಕ್ಕೂ ಅಲ್ಲಿ ಕುತ್ತಿಲ್ಲ ಅನ್ನುವುದನ್ನು ಆಗ ನಾನು ಗಮನಿಸಿರಲಿಲ್ಲ.

ನೀವು ಸವಕಲು ಅನ್ನುವ ಕಪ್ಪು ಪರದೆ ಕೆಲಸಕ್ಕೆ ಬರುವುದು ಇಲ್ಲೇ. ಒಂದು ದೃಶ್ಯದ ತಯಾರಿಗೆ ಇನ್ನೊಂದರ ಹೊಡೆತ ಜೋಡಿಸಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. 1960ರ 'ಸೈಕೋ' ಟ್ರೈಲರ್‌ನಲ್ಲಿ ನಿರ್ದೇಶಕ ಹಿಚ್‌ಕಾಕ್ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಸೆಟ್ಟು ಸುತ್ತಾಡಿಸಿ ಕೊನೆಗೆ ಸ್ನಾನದ ಪರದೆ ಸರಿಸುತ್ತಾರೆ. ಅಲ್ಲಿ ಕಿರುಚುವುದು ವೆರಾ ಮೈಲ್ಸ್, ಚಿತ್ರದಲ್ಲಿ ಆ ಜಾಗದಲ್ಲಿರುವುದು ಜಾನೆಟ್ ಲೀ. 2013ರ 'ದಿ ಕಾಂಜೂರಿಂಗ್' ಕತ್ತಲಿನಿಂದ ಎರಡು ಕೈಗಳು ಬಂದು ಚಪ್ಪಾಳೆ ತಟ್ಟುವ ದೃಶ್ಯವನ್ನು ಟ್ರೈಲರ್‌ನಲ್ಲೇ ತೋರಿಸಿ ಗೆದ್ದಿತಲ್ಲ ಅನ್ನಬಹುದು. ಅವರ ಕೈಯಲ್ಲಿ ಅಂಥವು ಇನ್ನೂ ಬೇಕಾದಷ್ಟಿದ್ದವು. ಕಡಿಮೆ ಬಜೆಟ್ಟಿನ ಚಿತ್ರದಲ್ಲಿ ನಿಜವಾಗಿ ಬೆಚ್ಚಿಬೀಳಿಸುವ ದೃಶ್ಯ ಒಂದೋ ಎರಡೋ ಇರುತ್ತದೆ.

ಹಾಗಾಗಿ ಹೊಸ ಮನೆಗೆ ಬರುವ ಸಂಸಾರ ಇರಲಿ, ಜೋಗುಳವೂ ಇರಲಿ. ಇದು ಯಾವ ಜಾತಿಯ ಸಿನಿಮಾ ಅಂತ ಅವು ಹತ್ತು ಸೆಕೆಂಡಿನಲ್ಲಿ ಹೇಳಿಬಿಡುತ್ತವೆ. 'ನೈಜ ಘಟನೆ' ಮಾತ್ರ ನಿಜವಾಗಿದ್ದರೆ ಹಾಕಿ. ಕೊನೆಯ ಧಡಾರ್‌ಗೆ ಚಿತ್ರದಲ್ಲಿಲ್ಲದ ಒಂದು ಶಾಟ್ ಬೇರೆಯಾಗಿ ತೆಗೆಯಿರಿ, ಅರ್ಧ ದಿನದ ಕೆಲಸ. ಸೌಂಡ್ ಮಾಡುವವರಿಗೆ ಹೇಳಿ: ಸ್ಟುಡಿಯೋದಲ್ಲಿ ಎದೆ ನಡುಗಿಸುವ ತಗ್ಗಿನ ಗುಡುಗು ಫೋನಿನ ಸ್ಪೀಕರ್‌ನಲ್ಲಿ ಕೇಳಿಸುವುದೇ ಇಲ್ಲ. ಉಸಿರು, ಉಗುರು ಗೀರುವ ಸದ್ದು, ಬಾಗಿಲ ಕೀಲು ಕೇಳಿಸುತ್ತವೆ. ಧಡಾರ್‌ಗೆ ಮುಂಚೆ ಪೂರ್ತಿ ಮೌನ ಬೇಕು, ಮೊದಲಿಂದಲೂ ಅಬ್ಬರಿಸಿದರೆ ಅದು ತಾಗುವುದಿಲ್ಲ.

ಇಂಟರ್ವಲ್ ದೃಶ್ಯವೂ ಕ್ಲೈಮ್ಯಾಕ್ಸ್ ಕೂಡ ಟ್ರೈಲರ್‌ಗೆ ಬೇಡ. ಹಾಕಲೇಬೇಕು ಅಂತ ನಿರ್ಮಾಪಕರು ಹಟ ಹಿಡಿದರೆ 2008ರ 'ಕ್ವಾರಂಟೈನ್' ಪೋಸ್ಟರ್ ತೋರಿಸಿ. ಅದರ ಮೇಲಿರುವುದು ಆ ಚಿತ್ರದ ಕಟ್ಟಕಡೆಯ ಶಾಟ್.